ಅಣ್ಣನಿಗೆ ಅಂಟಿದ ಹೆಸರು

ಅಣ್ಣ ಕೇಳಿದಾಗ ನಾನು ಹೌದು ಅನ್ನಬೇಕಾಗಿತ್ತು. ಇಲ್ಲ ಅಂದೆ. ಆ ಒಂದು ಮಾತನ್ನು ತಿದ್ದಿ ಹೇಳುವುದರೊಳಗೆ ನನ್ನ ತಲೆ ಪೂರ್ತಿ ಬೆಳ್ಳಗಾಯಿತು, ಕೇಳಬೇಕಾದವನು ಮಣ್ಣು ಸೇರಿದ್ದ.

ಮೊನ್ನೆ ಪಕ್ಕದ ಮನೆಯವರು ಜಗುಲಿಯ ಮೇಲೆ ಅವರೆಕಾಯಿ ಸುರುವಿಕೊಂಡು ಬಿಡಿಸುತ್ತಾ ಕೂತಿದ್ದರು. ಇಬ್ಬನಿ ಕುಡಿದ ಕಾಯಿ, ಸೊಗಡು ಬೀದಿಗೆಲ್ಲ ಹರಡಿತ್ತು. ನಮ್ಮ ಕಡೆಯವರಿಗೆ ಆ ವಾಸನೆ ಅಂದರೆ ಪ್ರಾಣ. ಕಾಯಿ ಬಿಡಿಸಿದ ಕೈಗೆ ಅದು ಎಣ್ಣೆಯ ಹಾಗೆ ಅಂಟಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹಾಕಿಕೊಂಡರೆ ಏನು... ಬಾಗಿಲ ಸಂದಿಯಿಂದ ಬಂದೇ ಬಂತು. ಅದರ ಹಿಂದೆಯೇ ನಮ್ಮ ಹಳೆಯ ಕೊಟ್ಟಿಗೆ ಬಂತು, ಹುರುಳಿ ಬೇಯುವ ಹಬೆ ಬಂತು, ಅಣ್ಣ ಬಂದ.

ನಮ್ಮೂರು ದೇವನಹಳ್ಳಿ ಪಕ್ಕದ ಚನ್ನರಾಯಪಟ್ಟಣದ ಕಡೆ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ಹಾಗಾಗಿ ದೇವನಹಳ್ಳಿ ಪೇಟೆಯ ಜಟಕಾಗಳಿಗೆ ಬಿಡುವೇ ಇರಲಿಲ್ಲ. ನಾನಾಗ ಲಂಗ ಉಡುವ ಹುಡುಗಿ. ಶಾಲೆ ಮೂರನೇ ಕ್ಲಾಸಿಗೇ ಮುಗಿದಿತ್ತು. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಅಣ್ಣನಿಗೆ ಮೀಸೆ ಚಿಗುರಿತ್ತು.

ಅಣ್ಣನ ಎಡಗಾಲು ಮಗುವಾಗಿದ್ದಾಗ ಬಂದ ಜ್ವರದಲ್ಲಿ ಸೊರಗಿಹೋಗಿತ್ತು. ನೇಗಿಲ ಹಿಂದೆ ನಡೆಯಲು ಆಗುತ್ತಿರಲಿಲ್ಲ. ಒಕ್ಕಲುತನದ ಮನೆಯಲ್ಲಿ ನೇಗಿಲು ಹಿಡಿಯದ ಗಂಡುಮಗ ಊಟದ ಹೊತ್ತಿಗೆ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಅಪ್ಪ ಅವನನ್ನು ಬೈಯುತ್ತಿರಲಿಲ್ಲ, ಅವನ ಕಡೆ ನೋಡುತ್ತಲೇ ಇರಲಿಲ್ಲ. ಊರಿನವರು ಕುಂಟ ಅನ್ನುತ್ತಿದ್ದರು, ಅದೇ ಅವನ ಹೆಸರು ಅನ್ನುವ ಹಾಗೆ.

ಸಂತೆಗೆ ಹೋದಾಗಲೆಲ್ಲ ಅಣ್ಣ ಪೇಟೆಯ ಜಟಕಾ ನಿಲ್ಲುವ ಕಡೆ ಹೋಗಿ ಕೂರುತ್ತಿದ್ದ. ಅಲ್ಲಿ ಒಬ್ಬ ವಯಸ್ಸಾದ ಸಾಬರು ಅವನಿಗೆ ಬೀಡಿ ಒಂದನ್ನು ಬಿಟ್ಟು ಉಳಿದೆಲ್ಲ ಕೊಡುತ್ತಿದ್ದರು. ಟೀ, ಕಡಲೆ, ಕುದುರೆಯ ಹಗ್ಗ ಹಿಡಿದು ನಿಲ್ಲುವ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. ಅಣ್ಣನನ್ನು ಬೇಟಾ ಅನ್ನುತ್ತಿದ್ದರು, ಕುದುರೆಯನ್ನು ಬೇಟಿ ಅನ್ನುತ್ತಿದ್ದರು.

ಆ ವರ್ಷ ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ಇಲಿ ಬಿತ್ತು. ಇಲಿ ಬಿತ್ತು ಅಂದರೆ ಪ್ಲೇಗು ಬಂತು, ಮನೆ ಬಿಡಬೇಕು ಅಂತಲೇ ಅರ್ಥ. ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ, ತೋಪುಗಳಲ್ಲಿ ಗುಡಿಸಲು ಹಾಕಿಕೊಂಡರು. ಸಾಬರೂ ಹೆಂಡತಿಯ ಜೊತೆ ಒಂದು ಮಾವಿನ ತೋಪು ಸೇರಿದರು. ಮನುಷ್ಯರೇ ಕಾಲು ಮಡಿಚಿಕೊಂಡು ಮಲಗುವ ಕಡೆ ಕುದುರೆಯನ್ನು ಎಲ್ಲಿ ಕಟ್ಟುವುದು? ಒಂದು ಬೆಳಿಗ್ಗೆ ಅದನ್ನು ನಡೆಸಿಕೊಂಡು ನಮ್ಮ ಅಂಗಳಕ್ಕೆ ಬಂದರು. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ವಿಭೂತಿ ಎಳೆದ ಹಾಗೆ ಒಂದು ಬಿಳಿ ಪಟ್ಟೆ. ಗಾಡಿ ಇಲ್ಲದ ಬರಿಯ ಕುದುರೆಯನ್ನು ಅಷ್ಟು ಹತ್ತಿರ ನಾನು ನೋಡಿದ್ದು ಅದೇ ಮೊದಲು.

"ಪೇಟೆ ಸರಿಹೋದ ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಮ್ಮಾ. ಹುರುಳಿ ನಾನೇ ಕಳಿಸ್ತೀನಿ. ಜಾಗ ಕೊಟ್ರೆ ಸಾಕು," ಅಂದರು ಅವ್ವನಿಗೆ.

ಅಪ್ಪ ಕೊಟ್ಟಿಗೆಯ ಕಡೆ ನೋಡಿ, "ಎತ್ತಿಗೇ ಹುಲ್ಲು ಸಾಲ್ದು. ಇದನ್ನ ಯಾರು ನೋಡ್ಕೊಳ್ತಾರೆ?" ಅಂದರು.

"ನಾನು," ಅಂದ ಅಣ್ಣ.

ಅಪ್ಪನ ಎದುರು ಅವನ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಾಬರು ನಕ್ಕರು. "ನೋಡಿ, ನನಗೂ ಒಬ್ಬ ಸಾಯೀಸ್ ಸಿಕ್ಕಿದ!" ಅಂದರು. ಕುದುರೆ ನೋಡಿಕೊಳ್ಳುವವನಿಗೆ ಅವರ ಮಾತಿನಲ್ಲಿ ಸಾಯೀಸ್ ಅಂತ. ನಮ್ಮ ಜಗುಲಿಯ ಮೇಲೆ ಕೂತಿದ್ದವರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ಅಣ್ಣ 'ಸಾಯಿಸ' ಆಗಿದ್ದ.

"ಲೇ ಸಾಯಿಸಾ, ಕುದ್ರೆ ಸಾಕ್ತೀಯೋ ಸಾಯಿಸ್ತೀಯೋ?"

ನನಗೆ ಅಳು ಬಂತು. ಅಣ್ಣ ಮಾತ್ರ ನಗುತ್ತಿದ್ದ. "ಬಿಡು ಅಮ್ಮಣ್ಣಿ. ಕುಂಟ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ ಕಣೇ," ಅಂದ.

ನಮ್ಮ ಕೊಟ್ಟಿಗೆ ಎತ್ತುಗಳ ಲೆಕ್ಕಕ್ಕೆ ಕಟ್ಟಿದ್ದು. ಕುದುರೆ ತಲೆ ಎತ್ತಿದರೆ ಸೂರು ತಗಲುತ್ತಿತ್ತು. ಅಣ್ಣ ಒಂದು ಮೂಲೆಯ ನೆಲವನ್ನು ಅಗೆದು ತಗ್ಗು ಮಾಡಿದ, ಮರಳು ತಂದು ಹಾಸಿದ, ಮೇಲೆ ಒಣಹುಲ್ಲು ಹರಡಿದ. ಎತ್ತುಗಳು ನಾಲ್ಕು ದಿನ ಬೆದರಿ ಆಮೇಲೆ ಸುಮ್ಮನಾದವು. ಕೆರೆಯ ಅಂಚಿನಿಂದ ಗರಿಕೆ ಕೊಯ್ದು, ಮಣ್ಣು ಹೋಗುವ ಹಾಗೆ ಒದರಿ ಹಾಕುತ್ತಿದ್ದ. ಹುರುಳಿಯನ್ನು ನೆನೆಹಾಕಿ, ಬೇಯಿಸಿ, ಆರಿಸಿ, ಬೆರಳಲ್ಲಿ ಹಿಸುಕಿ ನೋಡಿ, ಚೀಲಕ್ಕೆ ತುಂಬಿ ಅದರ ಮೂತಿಗೆ ಕಟ್ಟುತ್ತಿದ್ದ. ತೆಂಗಿನ ನಾರಿನ ಉಂಡೆಯಿಂದ ಮೈ ತಿಕ್ಕುವುದು, ಗೊರಸು ಎತ್ತಿ ತೊಡೆಯ ಮೇಲಿಟ್ಟುಕೊಂಡು ಸಂದಿಯ ಮಣ್ಣು ಕೆರೆಯುವುದು... ಆ ಕೆಲಸಗಳೆಲ್ಲ ಕೂತೋ, ಒರಗಿಯೋ ಮಾಡುವಂಥವು. ಅವನ ಕಾಲು ಎಲ್ಲಿಯೂ ಅಡ್ಡ ಬರಲಿಲ್ಲ.

ಸಾಬರು ಆಗಾಗ ಬಂದು ನೋಡಿ ಹೋಗುತ್ತಿದ್ದರು. ಒಂದು ಸಲ ಅವ್ವ ಕಲಗಚ್ಚಿನ ಬಾನಿಯ ಹತ್ತಿರ ಕುದುರೆಯನ್ನು ಬಿಟ್ಟಿದ್ದನ್ನು ಕಂಡು ಓಡಿಬಂದರು. "ಕುದ್ರೆ ದನ ಅಲ್ಲ ಅಮ್ಮಾ. ದನ ಏನು ತಿಂದ್ರೂ ಬಾಯಿಗೆ ವಾಪಸ್ ತಂದು ಮೆಲುಕು ಹಾಕಿ ಸರಿಮಾಡ್ಕೊಳ್ತದೆ. ಕುದ್ರೆಗೆ ಒಳಗೆ ಹೋಗಿದ್ದು ಹೋಯ್ತು. ವಾಪಸ್ ಬರೋ ದಾರಿ ಇಲ್ಲ." ಅವ್ವ ತಲೆಯಾಡಿಸಿದಳು. ನಾನೂ ಕೇಳಿಸಿಕೊಂಡೆ. ಕೇಳಿಸಲಿಲ್ಲ ಅಂತ ಹೇಳಿಕೊಳ್ಳಲು ನನಗೆ ಬಾಯಿಲ್ಲ.

ಅದೇ ದಿನ ಅವರು ಕುದುರೆಯ ಹೊಳೆಯುವ ಮೈ ಸವರಿ ಅಣ್ಣನಿಗೆ ಆ ಮಾತು ಹೇಳಿದ್ದು. "ಗಾಡಿ ಮೇಲೆ ಕೂತ ಮೇಲೆ ಕಾಲು ಯಾರು ನೋಡ್ತಾರೆ ಬೇಟಾ? ಕೈ ನೋಡ್ತಾರೆ. ನನಗೂ ವಯಸ್ಸಾಯ್ತು. ಈ ಕಾಯಿಲೆ ಹೋಗ್ಲಿ, ಇವಳ ಜೊತೆ ನೀನೂ ಬಾ. ಗಾಡಿ ನೀನೇ ಹೊಡಿ."

ಆಮೇಲೆ ಅಣ್ಣ ಕೊಟ್ಟಿಗೆಯ ಕಂಬಕ್ಕೆ ಎರಡು ಹಗ್ಗ ಕಟ್ಟಿ, ಹುಲ್ಲಿನ ಹೊರೆಯ ಮೇಲೆ ಕೂತು ಲಗಾಮು ಹಿಡಿಯುವುದನ್ನು ಕಲಿಯುತ್ತಿದ್ದ. ನನ್ನನ್ನು ಹಿಂದೆ ಕೂರಿಸಿ, "ಎಲ್ಲಿಗಮ್ಮಾ? ರೈಲ್ವೆ ಸ್ಟೇಷನ್ನಿಗಾ?" ಅನ್ನುತ್ತಿದ್ದ. ಅಪ್ಪ ಒಂದು ಸಲ ಅದನ್ನು ಕಂಡು ನಗದೆ, ಬೈಯದೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋದರು. ಸೋದರಮಾವನೂ ತನ್ನ ಮಗಳನ್ನು ಅಣ್ಣನಿಗೆ ಕೊಡುವ ಮಾತು ತೆಗೆದು ಹೋದ. "ಕೈಗೊಂದು ಕಸುಬು ಬಂದ್ರೆ ನೋಡೋಣ" ಅಂತ.

ಕುದುರೆಗೆ ಅಣ್ಣನ ನಡಿಗೆ ಗುರುತಾಗಿತ್ತು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದದ್ದು. ಊರು ನಗುತ್ತಿದ್ದ ಆ ಸದ್ದು ಅಂಗಳದಲ್ಲಿ ಕೇಳಿದರೆ ಸಾಕು, ಒಳಗಿನಿಂದ ಕೆನೆಯುತ್ತಿತ್ತು. ಬೇರೆ ಯಾರು ಹೋದರೂ ಕಿವಿ ಹಿಂದಕ್ಕೆ ಮಾಡಿ ಸುಮ್ಮನಿರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದು ನನಗೂ ಒಂದು ಸಲ ಕೆನೆಯಲಿ ಅಂತ ಆಸೆ. ಅಣ್ಣ ಇಲ್ಲದ ಹೊತ್ತಿನಲ್ಲಿ ಅವನ ಹಾಗೆ ಕಾಲೆಳೆದು ನಡೆದೂ ನೋಡಿದೆ. ಕುದುರೆ ಮೋಸಹೋಗಲಿಲ್ಲ. ಹಿಂದೆ ತೊಟ್ಟಿಲು ತೂಗುತ್ತಿದ್ದ ಅವ್ವ, "ಅವನನ್ನ ಅಣಕಿಸ್ತೀಯೇನೇ?" ಅಂತ ಗದರಿದಳು. ಅಣಕವಲ್ಲ ಅಂತ ಹೇಳಲು ನನಗೆ ಬರಲಿಲ್ಲ.

ಅವರೆಕಾಯಿ ಸುಗ್ಗಿ ಬಂತು. ನಮ್ಮ ಮನೆಯಲ್ಲಿ ಕಾಯಿ ಬಿಡಿಸುವುದು ನಾನು, ಸಿಪ್ಪೆ ತಿನ್ನುವುದು ಎತ್ತು, ಹಸು. ಅವರೆ ಸಿಪ್ಪೆ ಅಂದರೆ ದನಗಳಿಗೆ ಹಬ್ಬ. ಮಂಕರಿ ಹೊತ್ತು ಬರುವವರನ್ನು ಕಂಡರೆ ಹಗ್ಗ ಜಗ್ಗುತ್ತವೆ. ಆ ಸಂಜೆ ಮಂಕರಿ ತುಂಬ ಸಿಪ್ಪೆ ಹೊತ್ತು ಕೊಟ್ಟಿಗೆಗೆ ಹೋದೆ. ಅಣ್ಣ ಹುಲ್ಲಿಗೆ ಹೋಗಿದ್ದ. ಕುದುರೆ ಕತ್ತು ನೀಡಿತು. ಒಂದು ಹಿಡಿ ಕೊಟ್ಟೆ. ತಿಂದಿತು. ಇನ್ನೊಂದು ಹಿಡಿ ಕೊಟ್ಟೆ. ಅದರ ಮೆತ್ತನೆಯ ತುಟಿ ನನ್ನ ಅಂಗೈ ತಡವಿತು. ಎತ್ತುಗಳಿಗೆ ಇಟ್ಟಿದ್ದನ್ನೂ ಬಾಚಿ ಅದರ ಮುಂದೆ ಸುರಿದೆ. ಮಂಕರಿ ಬರಿದಾದ ಮೇಲೆ ಅದು ಮೂತಿ ಎತ್ತಿ ನನ್ನ ಕಡೆ ನೋಡಿ, ಸಣ್ಣದಾಗಿ ಕೆನೆಯಿತು.

ಹೌದು, ಕೆನೆಯಿತು. ನನ್ನನ್ನು ನೋಡಿಯೇ ಕೆನೆಯಿತು.

ಬೆಳಿಗ್ಗೆ ಅದು ಹುರುಳಿ ಮುಟ್ಟಲಿಲ್ಲ. ಕಾಲು ಕೆರೆಯುತ್ತಿತ್ತು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಅಣ್ಣ ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಮ್ಮಣ್ಣಿ, ನಿನ್ನೆ ನಾನಿಲ್ಲದಾಗ ಇದಕ್ಕೆ ಏನಾದ್ರೂ ಹಾಕಿದ್ಯಾ?"

"ಇಲ್ಲ."

ಅವನು ನಂಬಿದ. ಅದೇ ನನ್ನನ್ನು ಇವತ್ತಿಗೂ ಸುಡುವುದು, ತಕ್ಷಣ ನಂಬಿದ. ಹೌದು ಅಂದಿದ್ದರೆ ಅವನು ಕುದುರೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಹೊಟ್ಟೆಯ ನೋವಿಗೆ ಮಾಡಬೇಕಾದ್ದನ್ನು ಸಾಬರು ಅವನಿಗೆ ಕಲಿಸಿದ್ದರು, ಇಡೀ ದಿನ ನಡೆಸುತ್ತಿದ್ದ. ಇಲ್ಲ ಅಂದಿದ್ದರಿಂದ ಏನೋ ಗೊತ್ತಿಲ್ಲದ ಕಾಯಿಲೆ, ಪೇಟೆಯ ಪ್ಲೇಗೇ ಇರಬೇಕು ಅಂತ ಹೆದರಿದ. ಸಾಬರನ್ನೇ ಕೇಳಿಬರುತ್ತೇನೆ ಅಂತ ಕೋಲು ಹಿಡಿದು ಹೊರಟ. ಹೋಗುವಾಗ ಹಗ್ಗ ನನ್ನ ಕೈಗೆ ಕೊಟ್ಟ. "ಅಂಗಳದಲ್ಲಿ ನಡೆಸ್ತಾ ಇರು. ಏನೇ ಆಗ್ಲಿ ಮಲಗೋಕೆ ಬಿಡಬೇಡ. ಹೊರಳಿದ್ರೆ ಕರುಳು ತಿರುಚಿಕೊಳ್ತದಂತೆ."

ನಡೆಸಿದೆ. ನನ್ನ ಕೈಲಾದಷ್ಟು ನಡೆಸಿದೆ. ಬಿಸಿಲೇರುವ ಹೊತ್ತಿಗೆ ಅದು ನಿಂತುಬಿಟ್ಟಿತು. ಜಗ್ಗಿದೆ. ನನ್ನನ್ನೇ ಎಳೆದುಕೊಂಡು ಕೊಟ್ಟಿಗೆಗೆ ನುಗ್ಗಿ, ಮೊಣಕಾಲು ಮಡಿಚಿ ಮರಳಿನ ಮೇಲೆ ಮಲಗಿಬಿಟ್ಟಿತು. ನಾನು ಅದರ ಕೊರಳು ಎಳೆಯುವುದನ್ನು ಕಂಡು ಅವ್ವ ಬಂದಳು.

"ಮಲಗಿರೋದನ್ನ ಯಾಕೆ ಎಬ್ಬಿಸ್ತೀಯೇ? ಮಲಗಿದ ಪಶು ಎಬ್ಬಿಸಿದ್ರೆ ಪಾಪ ಬರ್ತದೆ. ಸುಸ್ತಾಗಿದೆ, ಮಲಗಲಿ ಬಿಡು."

ದನದ ಮನೆಯ ಮಾತು ಅದು. ನಮ್ಮಲ್ಲಿ ಮಲಗಿದ ಹಸುವನ್ನು ಕಾಲು ತಗುಲಿಸಿಯೂ ಎಬ್ಬಿಸುವುದಿಲ್ಲ. ಹಸು ಮಲಗಿತು ಅಂದರೆ ಹೊಟ್ಟೆ ತುಂಬಿತು, ನೆಮ್ಮದಿಯಾಯಿತು. ಅವ್ವ ಕರುಣೆಯಿಂದಲೇ ಹೇಳಿದಳು. ಅಣ್ಣ ಹೇಳಿದ್ದನ್ನು ನಾನು ಅವಳಿಗೆ ಹೇಳಬಹುದಾಗಿತ್ತು. ಹೇಳಿದರೆ ಯಾಕೆ, ಏನು ತಿಂದಿತು ಅಂತ ಮಾತು ಬೆಳೆಯುತ್ತದೆ... ಹಗ್ಗ ಬಿಟ್ಟೆ. ಜಗುಲಿಗೆ ಹೋಗಿ ಕಾಯಿ ಬಿಡಿಸುತ್ತಾ ಕೂತೆ. ಕೊಟ್ಟಿಗೆಯಲ್ಲಿ ಅದು ಹೊರಳುವ ಸದ್ದು ಕೇಳಿತು. ಬಾಗಿಲಿನಿಂದ ನಾಲ್ಕು ಗೊರಸೂ ಮೇಲಾಗಿದ್ದದ್ದು ಕಂಡಿತು. ಕೆರೆಯಂಗಳದ ಮರಳಿನಲ್ಲಿ ಅದು ಹಾಗೆ ಹೊರಳಿ ಆಡುವಾಗ ನಾನು, ಅಣ್ಣ ಎಷ್ಟೋ ಸಲ ನಕ್ಕಿದ್ದೆವು. ಆಡುತ್ತಿದೆ, ಹುಷಾರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಅಣ್ಣ ಬಂದಾಗ ಅದರ ಮೈ ಪೂರ್ತಿ ಬೆವರಿ ಒದ್ದೆಯಾಗಿತ್ತು. ಸಾಬರು ಜೊತೆಗೆ ಬಂದಿರಲಿಲ್ಲ. ಅವರ ಹೆಂಡತಿಗೆ ಕಂಕುಳಲ್ಲಿ ಗಂಟು ಎದ್ದಿತ್ತಂತೆ, ಬಿಟ್ಟು ಬರುವ ಹಾಗಿರಲಿಲ್ಲ. ಓಮ, ಇಂಗು, ಕರಿಯುಪ್ಪು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಪೇಟೆಯ ದನದ ಆಸ್ಪತ್ರೆಗೂ ಬೀಗ. ಅಪ್ಪ ಹೊಲದಿಂದ ಬಂದರು, ನೆರೆಯವರು ಬಂದರು. ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ ತಂದರು. ಎಲ್ಲರೂ ಸೇರಿ ಎತ್ತಿದರೂ ಅದು ಏಳಲಿಲ್ಲ. ಅಣ್ಣ ಎಲ್ಲರನ್ನೂ ಹಿಂದೆ ಸರಿಯಲು ಹೇಳಿ ಕೊಟ್ಟಿಗೆಯಿಂದ ಹೊರಗೆ ಹೋದ. ಏನು ಮಾಡುತ್ತಾನೆ ಅಂತ ನಮಗೆ ತಿಳಿಯಲಿಲ್ಲ. ಅಂಗಳದ ಆ ಕಡೆಯಿಂದ ನಡೆದುಕೊಂಡು ಬಂದ. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದದ್ದು.

ಕುದುರೆ ಎದ್ದು ನಿಂತಿತು. ಕಾಲು ನಾಲ್ಕೂ ನಡುಗುತ್ತಿದ್ದವು. ಅಂಗಳದವರೆಗೆ ಅವನ ಜೊತೆ ಬಂತು. ಅಲ್ಲಿ ಬಿದ್ದದ್ದು ಮತ್ತೆ ಏಳಲಿಲ್ಲ. ಇಳಿಬಿಸಿಲಿನಲ್ಲಿ ಪ್ರಾಣ ಹೋಯಿತು. ಅಷ್ಟು ಜನ ಸುತ್ತ ನಿಂತಿದ್ದೆವು, ಎತ್ತು ಹಸುಗಳ ನಡುವೆಯೇ ಹುಟ್ಟಿ ಬೆಳೆದವರು. ಒಬ್ಬರಿಗೂ ಏನು ಮಾಡಬೇಕು ಅಂತ ತಿಳಿಯಲಿಲ್ಲ.

ಅಪ್ಪ ಕೊಟ್ಟಿಗೆಯ ಒಳಗೆ ಹೋಗಿ ಕುದುರೆ ನಿಲ್ಲುತ್ತಿದ್ದ ಮೂಲೆಯನ್ನು ಕೋಲಿನಿಂದ ಕೆದಕಿದರು. ಮರಳಿನಲ್ಲಿ ಸಿಪ್ಪೆ ಸಿಕ್ಕಿತು.

"ಅವರೆ ಸಿಪ್ಪೆ! ಇದನ್ನ ಯಾರು ಹಾಕಿದ್ದು?"

ನಾನು ಬಾಗಿಲ ಪಕ್ಕ ನಿಂತಿದ್ದೆ. ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡೆ. ಬಚ್ಚಿಟ್ಟರೇನು, ಸೊಗಡು ಬಚ್ಚಿಡಲು ಆಗುತ್ತದೆಯೇ? ಅಣ್ಣ ಕುದುರೆಯ ಪಕ್ಕದಲ್ಲಿ ಕೂತಲ್ಲಿಂದಲೇ ತಲೆಯೆತ್ತಿ ನನ್ನನ್ನು ನೋಡಿದ. ಆಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಾನೇ ಹಾಕಿದ್ದು," ಅಂದ. "ಗೊತ್ತಾಗಲಿಲ್ಲ."

"ಸಾಯಿಸ ಅಂತ ನಿನಗೆ ಸುಮ್ನೆ ಹೆಸರಿಟ್ರಾ?" ಅಂದರು ಅಪ್ಪ.

ಯಾರೂ ನಗಲಿಲ್ಲ. ತಮಾಷೆಯ ಆ ಹೆಸರು ಅವತ್ತು ಅವನ ಮೈಗೆ ಬರೆಯ ಹಾಗೆ ಕೂತಿತು. ನಾನು ಬಾಯಿ ತೆರೆಯಬಹುದಾಗಿತ್ತು. ತೆರೆಯಲಿಲ್ಲ. ಅಪ್ಪನ ಭಯ ಅಂತ ಬಹಳ ಕಾಲ ಅಂದುಕೊಂಡಿದ್ದೆ. ಅಪ್ಪ ತೀರಿಕೊಂಡ ಮೇಲೂ ಬಾಯಿ ಬರಲಿಲ್ಲವಲ್ಲ...

ಕೆರೆಯ ಏರಿಯ ಕೆಳಗೆ ಹೂಳಿದರು. ಎಷ್ಟೋ ದಿನದ ಮೇಲೆ ಸಾಬರು ಬಂದರು. ಹೆಂಡತಿಯೂ ಉಳಿದಿರಲಿಲ್ಲ. ಗಡ್ಡ ಬೆಳೆದು ಬೇರೆ ಯಾರೋ ಅನ್ನುವ ಹಾಗಿದ್ದರು. ಮಣ್ಣಿನ ಗುಡ್ಡೆಯ ಹತ್ತಿರ ಅಣ್ಣ ಅವರ ಕಾಲಿಗೆ ಬಿದ್ದು, ನನ್ನಿಂದಲೇ ಹೋಯಿತು ಅಂದ. ಅವರು ಅವನನ್ನು ಎಬ್ಬಿಸಿ, "ಬೇಟಾ, ನನ್ನ ಮನೇಲಿ ಎಲ್ರೂ ಹೋಗೋ ಟೈಮ್ ಅದು," ಅಂದರು. ಅಣ್ಣ ಬಿಚ್ಚಿಟ್ಟಿದ್ದ ಕುದುರೆಯ ಕೊರಳಿನ ಗೆಜ್ಜೆಪಟ್ಟಿಯನ್ನು ಮಾತ್ರ ತೆಗೆದುಕೊಂಡರು. ಅದು ಅವರ ಕೈಯಲ್ಲಿ ಸದ್ದು ಮಾಡುತ್ತಾ ದೂರ ಹೋಯಿತು. ಅವರು ಮತ್ತೆ ಬರಲಿಲ್ಲ. ಪೇಟೆಯಲ್ಲೂ ಕಾಣಲಿಲ್ಲ ಅಂತ ಆಮೇಲೆ ಅಣ್ಣ ಅಂದ.

ಕೊಟ್ಟಿಗೆಯ ಕಂಬದ ಹಗ್ಗಗಳನ್ನು ಅಣ್ಣ ತಾನೇ ಬಿಚ್ಚಿದ. ಸೋದರಮಾವ ಮಗಳನ್ನು ಬೇರೆ ಕಡೆ ಕೊಟ್ಟ. ಕುದುರೆ ಕೊಂದವನ ಕೈಗೆ ಯಾರೂ ಒಂದು ಹೋರಿಯ ಹಗ್ಗವನ್ನೂ ಕೊಡಲಿಲ್ಲ. ಅವನು ಕಳ್ಳೇಕಾಯಿ ಹೊಲ ಕಾದ, ಕಣ ಕಾದ, ತಮ್ಮನ ಮಕ್ಕಳನ್ನು ಕಾದ. ಮದುವೆಯಾಗಲಿಲ್ಲ.

ನನ್ನನ್ನು ನೆಲಮಂಗಲದ ಕಡೆ, ಅರಿಶಿನಕುಂಟೆಗೆ ಕೊಟ್ಟರು. ಗಂಡನ ಮನೆಗೆ ಹೊರಟ ದಿನ ಗಾಡಿಯ ಹತ್ತಿರ ಅಣ್ಣ ಒಬ್ಬನೇ ಸಿಕ್ಕಿದ. "ಅಣ್ಣಾ, ಅವತ್ತು..." ಅಂದೆ. "ಹೊತ್ತಾಯ್ತು, ಗಾಡಿ ಹತ್ತು," ಅಂದ. ಆ ವರ್ಷದಿಂದ ಚಳಿಗಾಲ ಬಂದರೆ ಸಾಕು, ಈ ಕಡೆ ಬರುವ ಯಾರದೋ ಕೈಯಲ್ಲಿ ನನಗೊಂದು ಚೀಲ ಅವರೆಕಾಯಿ ಕಳಿಸುತ್ತಿದ್ದ. ಒಂದು ವರ್ಷವೂ ತಪ್ಪಲಿಲ್ಲ. ಹೋಗಲಿ ಬಿಡು, ತಿನ್ನು ಅಂತ ಕಳಿಸುತ್ತಿದ್ದನೋ, ಮರೆಯಬೇಡ ಅಂತ ಕಳಿಸುತ್ತಿದ್ದನೋ... ನಾನು ಕೇಳಲಿಲ್ಲ. ಅತ್ತೆ, ಮಕ್ಕಳು ಬಿಡಿಸುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ. ಆ ಕಾಳು ಹಿದುಕಿ ಮಾಡುವ ಹಿದುಕಬೇಳೆ ಸಾರಿನ ದಿನ ನನಗೆ ಮಜ್ಜಿಗೆ ಸಾಕು ಅನ್ನುತ್ತಿದ್ದೆ.

ಹಳೆಯದನ್ನು ಮೆಲುಕು ಹಾಕುವುದು ಅಂತ ಜನ ಎಷ್ಟು ಹಗುರವಾಗಿ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಾಬರು ಬಾನಿಯ ಹತ್ತಿರ ಓಡಿಬಂದದ್ದು ಕಾಣುತ್ತದೆ.

ಹೋದ ಚಳಿಗಾಲದಲ್ಲಿ ಅಣ್ಣ ತೀರಿಕೊಂಡ. ಮಲಗಿದ್ದವನು ಏಳಲಿಲ್ಲವಂತೆ. ಈ ವರ್ಷ ಚೀಲ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೂ ಮೊನ್ನೆ ಆ ವಾಸನೆಗೆ ಒಂದು ಗಳಿಗೆ ಹೊಸ್ತಿಲವರೆಗೆ ಹೋಗಿ ನಿಂತೆ, ಯಾರಾದರೂ ತಂದರೇನೋ ಅಂತ.

ಹೋದ ವರ್ಷ, ಮಣ್ಣು ಮಾಡಿದ ಮೂರನೇ ದಿನ, ಅವನಿಗೆ ಹಾಲುತುಪ್ಪ ಬಿಡಲು ಮನೆಯವರೆಲ್ಲ ಹೊಲದ ಮೂಲೆಯ ಸಮಾಧಿಯ ಹತ್ತಿರ ಸೇರಿದ್ದೆವು. ತಮ್ಮನ ಸೊಸೆ ಹೊಸಬಳು, ಕೋಲಾರದ ಕಡೆಯ ಹುಡುಗಿ. ಎಡೆಗೆ ಹಿದುಕಬೇಳೆ ಸಾರು ಬಡಿಸುತ್ತಾ, "ಸಾಯಿಸ ದೊಡ್ಡಪ್ಪ, ಸಾಯಿಸ ದೊಡ್ಡಪ್ಪ ಅಂತಾರಲ್ಲ ಎಲ್ರೂ, ಅಷ್ಟು ಮೆತ್ತಗಿದ್ದೋರು ಯಾರನ್ನ ಸಾಯಿಸಿದ್ರು?" ಅಂದಳು.

"ಅದೇನೋ ಕುದ್ರೆಯಂತೆ," ಅಂದ ಅವಳ ಗಂಡ. "ಹಳೇ ಕತೆ. ನಮಗೂ ಸರಿಯಾಗಿ ಗೊತ್ತಿಲ್ಲ."

ಒಂದಿಬ್ಬರು ನಕ್ಕರು. ಕೆಟ್ಟ ನಗುವಲ್ಲ, ಸತ್ತವರ ಮನೆಯಲ್ಲಿ ಹೊರೆ ಇಳಿಸಲು ನಗುವ ನಗು. ಹಾಲಿನ ಲೋಟ ಆಗ ನನ್ನ ಕೈಗೆ ಬಂದಿತ್ತು. ಬಗ್ಗಿದೆ. ಅರ್ಧ ಹಾಲು ನನ್ನ ಸೀರೆಯ ಮೇಲೆ ಚೆಲ್ಲಿತು. ಯಾರೋ ತೋಳು ಹಿಡಿದರು. ಬಿಡಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಅಂದೆ:

"ಅಣ್ಣಾ, ನೀನು ಯಾರನ್ನೂ ಸಾಯಿಸಲಿಲ್ಲ. ಸಿಪ್ಪೆ ಹಾಕಿದ್ದು ನಾನು. ನೀನು ಕೇಳಿದಾಗ ಇಲ್ಲ ಅಂದಿದ್ದೂ ನಾನು. ತಪ್ಪಾಯ್ತು ಕಣಣ್ಣಾ."